ಗದಿಗೆಯ್ಯನ ಟ್ರ್ಯಾಕ್ಟರ್ ಪೂಜೆ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿಯ ಗುರುಗಳನ್ನು ಜನ ಹೊಳಿಯಜ್ಜಾರು ಅನ್ನುತ್ತಿದ್ದರು. ಅವರಿಗೊಬ್ಬ ಶಿಷ್ಯ, ಗದಿಗೆಯ್ಯ. ಅಡುಗೆಮನೆಯಲ್ಲಿ ಬಸಲಿಂಗವ್ವ. ಮಠದಲ್ಲಿ ಇದ್ದದ್ದು ಇಷ್ಟೇ ಮಂದಿ, ಉಣ್ಣಲು ಬರುವವರಿಗೆ ಮಾತ್ರ ಲೆಕ್ಕವಿರಲಿಲ್ಲ.

ಮಠಕ್ಕೊಂದು ಟ್ರ್ಯಾಕ್ಟರೂ ಇತ್ತು.

ಮಠಗಳಿಗೆ ಎಂಥ ವಸ್ತುಗಳು ಬರುತ್ತವೆ ಅನ್ನುವುದು ನಿಮಗೂ ಗೊತ್ತು. ನಿಂತ ಗಡಿಯಾರ, ಒದೆಯುವ ಆಕಳು, ಸೊಸೆಗೆ ಬೇಡವಾದ ಹಂಡೆ. ಹಾಗೆಯೇ ಭಕ್ತರೊಬ್ಬರು ಅಂಗಳದಲ್ಲಿ ಜಾಗ ಸಾಲದೆ ಈ ಟ್ರ್ಯಾಕ್ಟರನ್ನು ಕೈಮುಗಿದು ಅರ್ಪಿಸಿ, ತಿರುಗಿ ಕೂಡ ನೋಡದೆ ಹೋಗಿದ್ದರು. ಡೀಸೆಲ್ ಗಾಡಿಯೂ ಅಲ್ಲ, ಮುತ್ತಜ್ಜನ ಕಾಲದ ಪೆಟ್ರೋಲ್ ಗಾಡಿ. ಮೂತಿಗೆ ಹ್ಯಾಂಡಲ್ ಹಾಕಿ, ಹಲ್ಲು ಕಚ್ಚಿ ತಿರುವಿ ಎಬ್ಬಿಸಬೇಕು.

ಗದಿಗೆಯ್ಯನಿಗೆ ಟ್ರ್ಯಾಕ್ಟರ್ ಬೇಕಿರಲಿಲ್ಲ. ಅವನಿಗೆ ಬೇಕಾಗಿದ್ದು ದೀಕ್ಷೆ. ಗುರುಗಳು ಕಿವಿಯ ಹತ್ತಿರ ಬಾಗಿ ಮಂತ್ರ ಹೇಳಬೇಕು, ತನ್ನ ಜನ್ಮ ಸಾರ್ಥಕವಾಗಬೇಕು. ಅದಕ್ಕೆಂದೇ ಮನೆ ಬಿಟ್ಟು ಬಂದಿದ್ದ. ಕಸ ಹೊಡೆದ, ನೀರು ಹೊತ್ತ, ವರ್ಷಗಟ್ಟಲೆ ಕಾದ.

ಒಂದು ಬೆಳಿಗ್ಗೆ ಕೇಳಿಯೇ ಬಿಟ್ಟ.

“ಅಜ್ಜಾರ, ನನಗ ದೀಕ್ಷಾ ಯಾವಾಗ್ರಿ?”

ಆಗಷ್ಟೇ ಒಳ್ಳೆಯ ಮಳೆ ಬಿದ್ದು ಬಿಸಿಲು ಬಿಟ್ಟಿತ್ತು. ಅಜ್ಜಾರು ಹೊಲದ ಕಡೆ ನೋಡಿದರು.

“ಹೊಳಿ ದಂಡಿ ಹೊಲ ಹದಕ್ಕ ಬಂದದ. ಹರಗಿ ಜ್ವಾಳ ಬಿತ್ತು. ಬಿತ್ತಿದ ಮರುದಿನ ನಿನಗ ದೀಕ್ಷಾ.”

“ಹದ ಆರೂದ್ರೊಳಗ ಬಿತ್ತೂದು ಆಗಲಿಲ್ಲಂದ್ರ?”

“ಮುಂದಿನ ವರ್ಷ ಮತ್ತ ಹದ ಬರ್ತದಲ್ಲ.”

ಎರೆ ಭೂಮಿಯ ಹದ ಬಿಸಿ ರೊಟ್ಟಿ ಇದ್ದಂತೆ, ಯಾರಿಗೂ ಕಾಯುವುದಿಲ್ಲ. ನಾಲ್ಕು ಬಿಸಿಲು ಬಿದ್ದರೆ ನೆಲ ಬಿಗಿದು ಹೋಗುತ್ತದೆ, ಬೀಜ ಮೊಳೆಯುವುದಿಲ್ಲ. ಊರವರ ಎತ್ತು, ಊರವರ ಟ್ರ್ಯಾಕ್ಟರು ಎಲ್ಲ ಅವರವರ ಹೊಲದಲ್ಲಿದ್ದವು. ಮಠಕ್ಕೆ ಇದ್ದದ್ದು ಇದೊಂದೇ ಮುದಿಗಾಡಿ.

ಒಳಗಿನಿಂದ ಬಸಲಿಂಗವ್ವನ ದನಿ ಬಂತು.

“ಬಿತ್ತಲಿಲ್ಲಂದ್ರ ಬಿಡ್ರಿ. ಬರೂ ವರ್ಷ ಉಣ್ಣಾಕ ಬಂದವ್ರಿಗೆ ಇವನ ದೀಕ್ಷಾನ ಬಡಸ್ತೀನಿ.”

ಪೂಜೆ ಮಾಡದೆ ಗದಿಗೆಯ್ಯ ಕೊಡಪಾನವನ್ನು ಕೂಡ ಮುಟ್ಟುವವನಲ್ಲ. ವಿಭೂತಿ ಗಟ್ಟಿ, ನೀರಿನ ತಂಬಿಗೆ ಹಿಡಿದು ಟ್ರ್ಯಾಕ್ಟರಿನ ಮುಂದೆ ನಿಂತ. ನಿಂತವನು ಮತ್ತೆ ಗುರುಗಳ ಹತ್ತಿರ ಓಡಿ ಬಂದ.

“ಅಜ್ಜಾರ, ಟ್ರ್ಯಾಕ್ಟರಿಗೆ ಹಣಿ ಯಾವುದ್ರಿ?”

“ಏನಂದಿ?”

“ದೀಪ ಎರಡೂ ಕಣ್ಣಾದ್ವು. ಮುಂದಿನ ಜಾಳಿಗಿ ಬಾಯಿ ಆತು. ವಿಭೂತಿ ಹಚ್ಚಾಕ ಹಣೀನ ಸಿಗವಲ್ದು.”

ಅಜ್ಜಾರು ಗಡ್ಡ ಕೆರೆದುಕೊಂಡರು.

“ನಿನಗ ಎಲ್ಲಿ ಹಣಿ ಕಾಣತದೋ ಅಲ್ಲೇ ಹಚ್ಚು.”

ಬಾನೆಟ್ಟಿನ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ, ಪೆಟ್ರೋಲ್ ಟಾಕಿಯ ಮುಚ್ಚಳ ದುಂಡಗೆ ಹೊಳೆಯುತ್ತಿತ್ತು. ಹಣೆ ಅಂದರೆ ಇದೇ! ಪೆಟ್ರೋಲ್ ತುಂಬಿ, ಮುಚ್ಚಳ ಬಿಗಿದು, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಮುಚ್ಚಳದ ಮೇಲೆ ಮೂರು ಬೆರಳ ಪಟ್ಟಿ ಎಳೆದ. ಗದಿಗೆಯ್ಯನ ಕೈಯ ಪಟ್ಟಿ ಅಂದರೆ ಗೋಡೆಗೆ ಸುಣ್ಣ ಬಳಿದಷ್ಟು ದಪ್ಪ. ಭಕ್ತಿಯಲ್ಲಿ ಅವನು ಜಿಪುಣನಲ್ಲ.

ಹ್ಯಾಂಡಲ್ ತಿರುವಿದ. ಗಾಡಿ ಕೆಮ್ಮಿತು, ಹೊಗೆ ಉಗುಳಿತು, ಎದ್ದಿತು.

“ಶಿವಾ ಶಿವಾ!” ಅಂತ ಗದಿಗೆಯ್ಯ ಸೀಟಿಗೆ ಹಾರಿದ.

ಹಿಂದೆ ಕಟ್ಟಿದ ಕುಂಟೆಯಿಂದ ಮಣ್ಣು ಕೆದಕುತ್ತ ಒಂದು ಸಾಲು ಹರಗಿದ. ಇನ್ನೊಂದು ಸಾಲಿಗೆ ತಿರುಗುವುದರೊಳಗೆ ಗಾಡಿ ಗುಕ್ಕು ಗುಕ್ಕು ಅಂದು ನಿಂತಿತು.

ಹ್ಯಾಂಡಲ್ ಹೊಡೆದ. ಏಳಲಿಲ್ಲ. ಮತ್ತೆ ಹೊಡೆದ. ಈ ಸಲ ಹ್ಯಾಂಡಲ್ಲೇ ಅವನಿಗೆ ತಿರುಗಿ ಹೊಡೆಯಿತು. ಹಸಿ ಮಣ್ಣಲ್ಲಿ ಕುಂಡೆಯೂರಿ ಕೂತ.

“ಪೂಜಿ ಸಾಲಲಿಲ್ಲ,” ಅಂದುಕೊಂಡು ಹಳೆಯ ಪಟ್ಟಿಯ ಮೇಲೆ ಹೊಸ ಪಟ್ಟಿ ಎಳೆದ. ಮರದ ನೆರಳಲ್ಲಿ ಕೂತು ಜಪ ಮಾಡಿದ. ಬಹಳ ಹೊತ್ತಾದ ಮೇಲೆ ತಿರುವಿದರೆ ಗಾಡಿ ಎದ್ದಿತು, ನೋಡಿ! ಅರ್ಧ ಸಾಲು ಓಡಿತು. ನಿಂತಿತು.

ಅರ್ಧ ಸಾಲಾದರೂ ಓಡಿಸಿದ್ದು ವಿಭೂತಿಯೇ ಅನ್ನುವುದರಲ್ಲಿ ಅವನಿಗೆ ಸಂಶಯ ಉಳಿಯಲಿಲ್ಲ. ಇನ್ನೊಂದು ಪಟ್ಟಿ ಬಿತ್ತು.

ಮರುದಿನವೂ ಅದೇ ಹಾಡು. ಬೆಳಿಗ್ಗೆ ಪೆಟ್ರೋಲ್ ಹಾಕಿದಾಗ ಏಳುತ್ತಿತ್ತು, ಒಂದು ಸಾಲಿಗೆ ಮಲಗುತ್ತಿತ್ತು. ಗದಿಗೆಯ್ಯ ಗುರುಗಳ ಕಾಲಿಗೆ ಬಿದ್ದ.

“ಅಜ್ಜಾರ, ಗಾಡಿ ಏಳಸೂ ಮಂತ್ರ ಏನಾರ ಇದ್ರ ಹೇಳ್ರಿ.”

“ನನಗ ಟ್ರ್ಯಾಕ್ಟರ್ ಬಗ್ಗೆ ಏನೂ ಗೊತ್ತಿಲ್ಲೋ ತಮ್ಮಾ. ಒಲಿ ಹಚ್ಚಾಕ ಏನೇನ ಬೇಕು?”

“ಕಟಗಿ ಬೇಕ್ರಿ. ಗಾಳಿ ಬೇಕು. ಕಡ್ಡಿ ಗೀರಬೇಕು.”

“ಅದಕ್ಕೂ ಅಷ್ಟ ಬೇಕಾಗಿರಬೇಕು. ಎಣ್ಣಿ, ಗಾಳಿ, ಕಿಡಿ. ಯಾವುದಿಲ್ಲ ನೋಡು. ಒಂದೊಂದ ನೋಡು. ಕೂಡೇ ಎಲ್ಲಾ ನೋಡಬ್ಯಾಡ.”

ಗದಿಗೆಯ್ಯನಿಗೆ ‘ನೋಡು’ ಅನ್ನುವುದಷ್ಟೇ ಕೇಳಿಸಿತು. ಹೋದವನೇ ಪ್ಲಗ್ ಬಿಚ್ಚಿದ, ಪೈಪ್ ಬಿಚ್ಚಿದ, ಗಾಳಿ ಜಾಳಿಗೆ ಬಿಚ್ಚಿದ, ಕಾರ್ಬುರೇಟರ್ ಬಿಚ್ಚಿದ. ಎಲ್ಲವನ್ನೂ ಒಂದು ಧೋತರದ ಮೇಲೆ ಹರವಿ, ಒಂದೊಂದಕ್ಕೂ ವಿಭೂತಿ ಮುಟ್ಟಿಸಿ, ಒರೆಸಿ, ತಿರುಗಿ ಜೋಡಿಸಿದ.

ಅಜ್ಜಾರು ನೋಡಲು ಬಂದರು. ಧೋತರದ ಮೇಲೆ ಒಂದು ವಾಶರ್, ಒಂದು ನಟ್ಟು ಬಿದ್ದಿದ್ದವು.

“ಇವು ಯಾವುವು?”

“ಹೆಚ್ಚಿಗಿ ಉಳದಾವ್ರಿ.”

ಅಜ್ಜಾರು ಅವೆರಡನ್ನೂ ಎತ್ತಿ ಅವನ ಅಂಗೈಯಲ್ಲಿಟ್ಟರು. ಗದಿಗೆಯ್ಯ ಮತ್ತೆ ಎಲ್ಲ ಬಿಚ್ಚಿ, ಅವುಗಳ ಜಾಗ ಹುಡುಕುವುದರೊಳಗೆ ಊಟದ ಹೊತ್ತು ಮೀರಿತ್ತು.

“ಈಗ ಒಂದೊಂದ,” ಅಂದರು ಅಜ್ಜಾರು.

ಕಿಡಿ ನೋಡಲು ಪ್ಲಗ್ ಬಿಚ್ಚಿ, ವೈರು ಸಿಕ್ಕಿಸಿ, ಕೈಯಲ್ಲಿ ಹಿಡಿದ. ಇನ್ನೊಂದು ಕೈಯಿಂದ ಹ್ಯಾಂಡಲ್ ತಿರುವಿದ. ಮರುಕ್ಷಣವೇ “ಯವ್ವಾ ಸತ್ತೆ!” ಅಂತ ದೂರ ಜಿಗಿದ.

“ಕಿಡಿ ಅದ?”

“ಬೇಕಾದಷ್ಟದರಿ!” ಅಂದ, ಕೈ ಒದರುತ್ತ.

“ಗಾಳಿ?”

“ಜಾಳಿಗಿ ಸ್ವಚ್ಛ ಅದರಿ.”

“ಎಣ್ಣಿ?”

“ಟಾಕಿ ತುಂಬ ಅದರಿ.”

“ಟಾಕಿಯೊಳಗ ಅದ. ಎಂಜಿನ್ನಿಗೆ ಬರ್ತದೇನು?”

ಗದಿಗೆಯ್ಯ ಎಂಜಿನ್ ಕಡೆಯ ಪೈಪ್ ಬಿಚ್ಚಿ ಹಿಡಿದ. ಪೆಟ್ರೋಲ್ ತೊಟ್ಟು ತೊಟ್ಟಾಗಿ ಬಂತು. ಆಮೇಲೆ ಅದೂ ನಿಂತಿತು.

“ಸಿಕ್ಕಿತ್ರಿ! ಪೈಪಿನೊಳಗ ಕಸ ಕೂತದ!”

ಪೈಪಿಗೆ ಬಾಯಿಟ್ಟು, ಮನಸ್ಸಿನಲ್ಲೇ ಪಂಚಾಕ್ಷರಿ ನೆನೆದು, ಜೋರಾಗಿ ಊದಿದ. ಟಾಕಿಯೊಳಗೆ ಗುಡುಗುಡು ಸದ್ದಾಯಿತು. ಬಾಯಿ ತೆಗೆಯುವುದು ತಡವಾಗಿ ಒಂದು ಗುಟುಕು ಪೆಟ್ರೋಲ್ ಗಂಟಲಿಗೆ ಹೋಯಿತು. ಅವನು ಕೆಮ್ಮುತ್ತ ಉಗುಳುತ್ತ ಹ್ಯಾಂಡಲ್ ಹೊಡೆದ. ಗಾಡಿ ಎದ್ದಿತು!

“ಕಸ ಬಿತ್ತೇನು?” ಅಜ್ಜಾರು ಕೇಳಿದರು.

“ಇಲ್ರಿ. ಕಸ ಏನೂ ಬೀಳಲಿಲ್ಲ.”

“ಮತ್ತ ಹೆಂಗ ಎದ್ದಿತು?”

“ಪಂಚಾಕ್ಷರಿ ಮಹಿಮಾ ಅಜ್ಜಾರ! ನೀವ ಗುರುಗಳಾಗಿ ಹಿಂಗ ಕೇಳಿದ್ರ ಹೆಂಗ?”

ಆ ಖುಷಿಯಲ್ಲಿ ಸೀಟಿಗೆ ಹತ್ತುವ ಮೊದಲು ಹಣೆಗೆ ಇನ್ನೊಂದು ಪಟ್ಟಿ ಎಳೆದ. ಒಂದು ಸಾಲು ಮುಗಿಯಿತು. ಗಾಡಿ ನಿಂತಿತು.

ಅವತ್ತು ಬಿಸಿಲು ಚುರುಕಾಗಿತ್ತು. ಹೊಲದ ಮೇಲಿನ ಮಣ್ಣು ಕಪ್ಪು ಹೋಗಿ ಬೂದಿಯಾಗತೊಡಗಿತ್ತು. ಗದಿಗೆಯ್ಯ ಒಂದು ಹೆಂಟೆ ಎತ್ತಿ ಹಿಸುಕಿ ನೋಡಿದ. ಒಳಗೆ ಇನ್ನೂ ತೇವವಿತ್ತು. ನಾಳೆಗೆ ಇರಬಹುದು, ನಾಡಿದ್ದಿಗೆ ಇರುವುದಿಲ್ಲ. ಅವನಿಗೆ ಅಳು ಒತ್ತರಿಸಿ ಬಂತು. ಹೊಳೆಯ ದಂಡೆಗೆ ಹೋಗಿ ಕೂತು ಬಿಕ್ಕಿ ಬಿಕ್ಕಿ ಅತ್ತ.

ಅಜ್ಜಾರು ಪಕ್ಕದಲ್ಲಿ ಬಂದು ಕೂತರು.

“ನಾ ಪಾಪಿ ಅಜ್ಜಾರ. ಯಾವ ಜನ್ಮದ ಕರ್ಮನೋ ಏನೋ, ನಾ ಮುಟ್ಟಿದ್ರ ಗಾಡಿ ನಿಲ್ಲತದ. ನನ್ನ ಪಾಪಕ್ಕ ಮಠದ ಅನ್ನ ಹಾಳಾತು. ದೀಕ್ಷಾಕ್ಕ ನಾ ಲಾಯಕಿಲ್ಲ.”

“ನೀ ಅಷ್ಟು ದೊಡ್ಡಾವೇನಲ್ಲ ಬಿಡು. ಎಂಜಿನ್ ನಿಲ್ಲಿಸೂ ತಾಕತ್ತು ನಿನ್ನ ಪಾಪಕ್ಕ ಎಲ್ಲಿಂದ ಬರಬೇಕು?”

ಗದಿಗೆಯ್ಯ ಅಳು ನಿಲ್ಲಿಸಿ ಮುಖ ನೋಡಿದ. ತನ್ನ ಪಾಪವನ್ನು ಇಷ್ಟು ಸಣ್ಣದು ಮಾಡಿದ್ದಕ್ಕೆ ಅವನಿಗೆ ಸ್ವಲ್ಪ ಬೇಸರವೂ ಆಯಿತು.

“ಅದು ಓಡಿದಾಗ ಏನ ಮಾಡ್ತಿ?” ಅಜ್ಜಾರು ಕೇಳಿದರು.

“ವಿಭೂತಿ ಹಚ್ತೀನ್ರಿ.”

“ನಿಂತಾಗ?”

“ಇನ್ನೂ ಹಚ್ತೀನ್ರಿ.”

“ಎಲ್ಲಿ?”

“ಹಣಿಗ್ರಿ. ಟಾಕಿ ಮುಚ್ಚಳಕ್ಕ.”

ಅಜ್ಜಾರು ಎದ್ದು ಹೊಲಕ್ಕೆ ಹೋದರು. ಮುಚ್ಚಳವನ್ನು ಬಹಳ ಹೊತ್ತು ನೋಡಿದರು. ಬೆರಳಿಂದ ತಟ್ಟಿದರು. ಸಿಮೆಂಟಿನ ಹಾಗೆ ಟಕ್ ಟಕ್ ಅಂದಿತು. ಸುಮ್ಮನೆ ತಿರುಗಿ ಬಂದರು.

ಗದಿಗೆಯ್ಯನ ಬಾಯಿ ಮಾತ್ರ ನಿಂತಿರಲಿಲ್ಲ. “ಅಜ್ಜಾರ, ಹನ್ನೊಂದು ಸೋಮವಾರ ಉಪವಾಸ ಮಾಡಲೇನ್ರಿ? ಅಜ್ಜಾರ, ಗಾಡೀಗೆ ಬಿಲ್ವಪತ್ರಿ ಮಾಲಿ ಹಾಕಿದ್ರ ಹೆಂಗ್ರಿ? ಅಜ್ಜಾರ, ನಾ ಒದ್ದಿ ಬಟ್ಟೀಲೆ ಹ್ಯಾಂಡಲ್ ಹೊಡದ್ರ...”

ಅಜ್ಜಾರು ಒಂದು ಕೈಯಿಂದ ಅವನ ಮೂಗು ಹಿಡಿದರು. ಇನ್ನೊಂದು ಕೈಯಿಂದ ಬಾಯಿ ಮುಚ್ಚಿದರು.

ಗದಿಗೆಯ್ಯನ ಕಣ್ಣು ದೊಡ್ಡದಾಯಿತು. ಮುಖ ಕೆಂಪಾಯಿತು. ಕೈಕಾಲು ಬಡಿದ.

ಅಜ್ಜಾರು ಕೈ ತೆಗೆದು ತಮ್ಮ ಪಾಡಿಗೆ ಸ್ನಾನಕ್ಕೆ ಹೋದರು.

ಗದಿಗೆಯ್ಯನಿಗೆ ಮೈ ಝುಂ ಅಂದಿತು. ಗುರುಗಳು ಗುಟ್ಟು ಹೇಳಿಬಿಟ್ಟರು! ಉಸಿರು ಕಟ್ಟು ಅಂದರು! ಓಡಿ ಹೋಗಿ ಟ್ರ್ಯಾಕ್ಟರಿನ ಮುಂದೆ ಪದ್ಮಾಸನ ಹಾಕಿ, ಮೂಗು ಹಿಡಿದು, ಉಸಿರು ಕಟ್ಟಿ ಕೂತ.

ಸೌದೆ ಆರಿಸಲು ಬಂದ ಬಸಲಿಂಗವ್ವ ನೋಡಿದಾಗ ಅವನು ಮಗ್ಗುಲಿಗೆ ಉರುಳಿ ಬಿದ್ದಿದ್ದ. ಮುಖಕ್ಕೆ ನೀರು ಗೊಜ್ಜಿದಳು.

“ಎದ್ದೇಳೋ ನಮ್ಮಪ್ಪಾ! ಗಾಡಿ ಒಂದ ಏಳವಲ್ದು ಅಂತ ಕೂತೇವಿ. ನಿನಗೂ ಹ್ಯಾಂಡಲ್ ಹೊಡೀಬೇಕೇನು?”

ಮರುದಿನ ಬೆಳಿಗ್ಗೆ ಬಸಲಿಂಗವ್ವ ಹೊಸ ಶೇಂಗಾ ಎಣ್ಣೆಯ ಡಬ್ಬಿ ತಂದಿಟ್ಟಳು.

“ಗದಿಗೆಯ್ಯಾ, ಇದಕ್ಕೊಂದು ತೂತು ಹೊಡಕೊಡು. ಮಂತ್ರ ಗಿಂತ್ರ ಅನ್ನಬ್ಯಾಡ, ಬರೇ ತೂತು ಹೊಡಿ.”

ಗದಿಗೆಯ್ಯ ಸಪ್ಪೆ ಮುಖ ಹೊತ್ತು ದಬ್ಬಣ ತಗೊಂಡ. ಗೋಣಿಚೀಲ ಹೊಲಿಯುವ ದಪ್ಪ ಸೂಜಿ ಅದು. ಡಬ್ಬಿಯ ಒಂದು ಮೂಲೆಗೆ ಚುಚ್ಚಿದ. ಎದುರಿನ ಮೂಲೆಗೆ ಇನ್ನೊಂದು ಚುಚ್ಚಿದ. ಡಬ್ಬಿ ಓರೆ ಮಾಡಿದ. ಎಣ್ಣೆ ಸಣ್ಣ ಧಾರೆಯಾಗಿ ಪಾತ್ರೆಗೆ ಬಿತ್ತು.

ಬಾಗಿಲಲ್ಲಿ ಅಜ್ಜಾರು ನಿಂತಿದ್ದರು. ಕೈಯಲ್ಲಿ ಪೂಜೆಯ ತಟ್ಟೆ.

“ಎರಡು ತೂತು ಯಾಕ ಹೊಡದಿ? ಎಣ್ಣಿ ಬರೂದು ಒಂದರೊಳಗ ಅಲ್ಲ?”

“ಅದೇನು ಕೇಳ್ತೀರಿ ಅಜ್ಜಾರ. ಒಂದರಾಗ ಗಾಳಿ ಒಳಗ ಹೋಗಬೇಕು, ಇನ್ನೊಂದರಾಗ ಎಣ್ಣಿ ಹೊರಗ ಬರಬೇಕು. ಗಾಳಿ ಹೋಗದ ಎಣ್ಣಿ ಬರ್ತದೇನ್ರಿ?”

ಅಜ್ಜಾರು ತಟ್ಟೆಯೊಳಗಿನ ಹಸಿ ವಿಭೂತಿಯನ್ನು ಬೆರಳಿಗೆ ತಗೊಂಡರು. ಮೇಲಿನ ತೂತಿನ ಮೇಲೆ ಮೂರು ಪಟ್ಟಿ ಎಳೆದರು, ಗದಿಗೆಯ್ಯ ಎಳೆಯುವಷ್ಟೇ ದಪ್ಪ.

ಧಾರೆ ಸಣ್ಣದಾಯಿತು. ತೊಟ್ಟಾಯಿತು. ನಿಂತಿತು.

“ಅಯ್ಯ ಇವರ! ಉಣ್ಣೂ ಎಣ್ಣಿಗೆ ಬೂದಿ ಹಚ್ಚಿದ್ರಲ್ರೀ!” ಬಸಲಿಂಗವ್ವ ಹಣೆ ಬಡಿದುಕೊಂಡಳು.

ಗದಿಗೆಯ್ಯ ಡಬ್ಬಿ ಹಿಡಿದುಕೊಂಡೇ ನಿಂತ. ವಿಭೂತಿ ನೋಡಿದ. ತೂತು ನೋಡಿದ. ಗುರುಗಳನ್ನು ನೋಡಿದ.

ಆಮೇಲೆ ಡಬ್ಬಿಯನ್ನು ಬಸಲಿಂಗವ್ವನ ಕೈಗೆ ತುರುಕಿ, ದಬ್ಬಣ ಹಿಡಿದುಕೊಂಡು ಹೊಲದ ಕಡೆ ಓಟ ಕಿತ್ತ.

“ದಬ್ಬಣ ಕೊಟ್ಟ ಹೋಗೋ!” ಅಂತ ಅವಳು ಹಿಂದಿನಿಂದ ಕೂಗುತ್ತಲೇ ಇದ್ದಳು.

ಮುಚ್ಚಳದ ಮೇಲಿನ ವಿಭೂತಿ ಕೆರೆದರೆ ಹಕ್ಕಳೆ ಹಕ್ಕಳೆಯಾಗಿ ಬಂತು. ಎಲ್ಲದರ ಅಡಿಗೆ, ನಟ್ಟನಡುವೆ, ಸೂಜಿ ಹೋಗುವಷ್ಟು ಒಂದು ತೂತು. ಗಾಡಿ ಮಾಡಿದವರೇ ಇಟ್ಟ ತೂತು. ಅದರ ತುಂಬ ಗದಿಗೆಯ್ಯನ ಭಕ್ತಿ ಗಟ್ಟಿಯಾಗಿ ಕೂತಿತ್ತು.

ದಬ್ಬಣದ ಮೊನೆ ಇಟ್ಟು ಚುಚ್ಚಿದ.

ಟಾಕಿ ‘ಸ್ಸ್ಸ್’ ಅಂತ ಗಾಳಿ ಎಳೆದುಕೊಂಡಿತು.

ಹ್ಯಾಂಡಲ್ ಹೊಡೆದ. ಗಾಡಿ ಎದ್ದಿತು. ಒಂದು ಸಾಲು ಹೋಯಿತು. ಗದಿಗೆಯ್ಯ ತಿರುವಿನಲ್ಲಿ ಕಣ್ಣು ಮುಚ್ಚಿದ. ಗಾಡಿ ನಿಲ್ಲಲಿಲ್ಲ. ಇನ್ನೊಂದು ಸಾಲು, ಮತ್ತೊಂದು ಸಾಲು. ಅವನು ಊಟಕ್ಕೂ ಇಳಿಯಲಿಲ್ಲ. ಬಸಲಿಂಗವ್ವ ಬದುವಿನ ಮೇಲೆ ನಿಂತು ಓಡುವ ಗಾಡಿಗೇ ರೊಟ್ಟಿ ಎಸೆದಳು, ಒಂದನ್ನು ಅವನು ಹಿಡಿದ, ಉಳಿದದ್ದು ಕಾಗೆಗಳ ಪಾಲಾಯಿತು. ಹೊತ್ತು ಮುಳುಗುವುದರೊಳಗೆ ಹೊಲ ಹರಗಿ ಬಿತ್ತನೆ ಮುಗಿದಿತ್ತು. ಕೊನೆಯ ಸಾಲಿನಲ್ಲಿಯೂ ಮಣ್ಣು ಹಸಿ ಇತ್ತು.

ಮೈತುಂಬ ಧೂಳು, ಮುಖದ ತುಂಬ ನಗು ಹೊತ್ತು ಬಂದು, ದಬ್ಬಣವನ್ನು ಬಸಲಿಂಗವ್ವನ ಕೈಗಿಟ್ಟು, ಗುರುಗಳ ಮುಂದೆ ನಿಂತ.

“ಅಜ್ಜಾರ, ಈಗ ತಿಳೀತ್ರಿ. ನಿನ್ನೆ ನೀವು ಮೂಗು ಬಾಯಿ ಮುಚ್ಚಿದ್ದು ಅದಕ್ಕ ಅಲ್ಲೇನ್ರಿ? ಟಾಕಿ ಉಸಿರು ಕಟ್ಟೇದ ಅಂತ ತೋರಸಾಕ!”

“ಅದಕ್ಕಲ್ಲ.”

“ಮತ್ತ?”

“ನಿನ್ನ ಬಾಯಿ ನಿಲ್ಲವಲ್ದಾಗಿತ್ತು.”

ಗದಿಗೆಯ್ಯ ತಲೆ ಕೆರೆದುಕೊಂಡ.

“ಮುಚ್ಚಳ ನೋಡಿದಾಗನ ನಿಮಗ ಗೊತ್ತಾಗಿತ್ತಲ್ರಿ. ತೂತು ಮುಚ್ಚೇದ ಅಂತ ಒಂದು ಮಾತು ಹೇಳಿದ್ರ ಆಗ್ತಿತ್ತಲ್ಲ?”

“ಹೇಳಿದ್ರ ನೀ ನನ್ನ ಮಾತಿಗೂ ವಿಭೂತಿ ಹಚ್ಚಿ ಇಡ್ತಿದ್ದಿ.”

ಇದು ಹೊಗಳಿಕೆಯೋ ಬೈಗುಳವೋ ಗದಿಗೆಯ್ಯನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಗೋಜಿಗೂ ಹೋಗಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ.

“ಅಜ್ಜಾರ, ನಾಳೆ?”

“ನಾಳೆ. ಆಡಿದ ಮಾತು ಆಡಿದ್ದ. ಬೆಳಿಗ್ಗೆ ಹೊಳಿ ಸ್ನಾನ ಮಾಡಿ ಬಾ.”

ಸಂತೋಷಕ್ಕೆ ಗದಿಗೆಯ್ಯನಿಗೆ ಕಣ್ಣಲ್ಲಿ ನೀರು ಬಂತು. ಅಷ್ಟು ವರ್ಷ ಕಾದದ್ದು, ಕೊನೆಗೂ!

ಬೆಳಕು ಹರಿಯಿತು. ಗದಿಗೆಯ್ಯ ಹೊಳೆಯಲ್ಲಿ ಮುಳುಗೆದ್ದ. ಹೊಸ ಧೋತರ ಉಟ್ಟ. ಇವತ್ತು ಯಾವುದರಲ್ಲೂ ಕೊರತೆಯಾಗಬಾರದು ಅಂತ ವಿಭೂತಿ ಗಟ್ಟಿ ಹಿಡಿದು ಕೂತ. ಹಣೆಗೆ ಹಚ್ಚಿದ, ಕೊರಳಿಗೆ ಹಚ್ಚಿದ, ಎದೆ, ತೋಳು, ಮೊಣಕೈ, ಮಣಿಕಟ್ಟು, ಶಾಸ್ತ್ರದಲ್ಲಿ ಎಲ್ಲೆಲ್ಲಿ ಹೇಳಿದೆಯೋ ಅಲ್ಲೆಲ್ಲ ಹಚ್ಚಿದ. ಶಾಸ್ತ್ರದಲ್ಲಿ ಕಿವಿಯೂ ಇದೆ. ಮಂತ್ರ ಇಳಿಯುವ ಜಾಗವಲ್ಲವೇ ಅಂತ ಕಿವಿಗೆ ಮಾತ್ರ ಕೈ ಬಿಚ್ಚಿ, ಎರಡೆರಡು ಸಲ, ಒಳಗಿನವರೆಗೂ ಮೆತ್ತಿದ.

ಬಂದು ಗುರುಗಳ ಮುಂದೆ ಕೂತ. ಕೈ ಮುಗಿದ. ಕಣ್ಣು ಮುಚ್ಚಿದ.

ಬಸಲಿಂಗವ್ವ ಕೂಡ ಒಲೆ ಬಿಟ್ಟು, ಅಡುಗೆಮನೆಯ ಬಾಗಿಲಿಗೆ ಬಂದು ಸೆರಗು ಹೊದ್ದು ನಿಂತಳು.

ಅಜ್ಜಾರು ಅವನ ತಲೆಯ ಮೇಲೆ ಕೈಯಿಟ್ಟರು. ಮಂತ್ರ ಹೇಳಲೆಂದು ಬಲಗಿವಿಯ ಹತ್ತಿರ ಬಾಗಿದರು. ಬಾಗಿದವರು ಹಾಗೇ ನಿಂತರು. ಕಿವಿಯ ತೂತು ಎಲ್ಲಿದೆ ಅನ್ನುವುದೇ ಕಾಣುತ್ತಿರಲಿಲ್ಲ. ಎದ್ದು ಆಚೆ ಮಗ್ಗುಲಿಗೆ ಹೋಗಿ ಎಡಗಿವಿಯನ್ನೂ ನೋಡಿದರು. ಅದೂ ಹಾಗೆಯೇ ಇತ್ತು.

“ಗದಿಗೆಯ್ಯಾ,” ಅಂದರು.

ಗದಿಗೆಯ್ಯ ಅಲುಗಲಿಲ್ಲ. ಅವನಿಗೆ ಕೇಳಿಸಿಯೇ ಇರಲಿಲ್ಲ.

“ಗದಿಗೆಯ್ಯಾ!”

ಮುಖದಲ್ಲಿ ಅದೇ ಭಕ್ತಿ, ಅದೇ ನಗು. ಕಾಯುತ್ತ ಕೂತೇ ಇದ್ದ.

ಅಜ್ಜಾರು ನಿಧಾನವಾಗಿ ತಮ್ಮ ಜಾಗಕ್ಕೆ ಬಂದು ಕೂತರು. ಅಡುಗೆಮನೆಯ ಬಾಗಿಲಿನ ಕಡೆ ತಿರುಗಿದರು.

“ಬಸಲಿಂಗವ್ವಾ, ಆ ದಬ್ಬಣ ಸ್ವಲ್ಪ ಇತ್ತ ಕೊಡು.”